ಜೋಡಿ ಮೊಲದ ಮರಿಯ ಜೊತೆ ಕೊಡುವ ‘ಸ್ಟಾರ್ಟರ್ ಸೆಟ್’: ಐದಕ್ಕೆ ಒಂದೂವರೆ ಅಂಕ

ಮೈಸೂರಿನ ಪೆಟ್ ಶಾಪ್‌ಗಳಲ್ಲಿ ಜೋಡಿ ಮೊಲದ ಮರಿ ಕೇಳಿದರೆ ಸಾಮಾನ್ಯವಾಗಿ ಒಂದು ಸೆಟ್ಟನ್ನೂ ಕಟ್ಟಿಕೊಡುತ್ತಾರೆ: ಎರಡಡಿ ಉದ್ದದ ತಂತಿ ಪಂಜರ, ನೇತುಹಾಕುವ ನೀರಿನ ಬಾಟಲಿ, ಬಣ್ಣಬಣ್ಣದ ಮಿಕ್ಸ್ ಫುಡ್ ಪ್ಯಾಕೆಟ್, ಒಂದು ಚೀಲ ಮರದ ಹೊಟ್ಟು. ಹುಲ್ಲು ಮಾತ್ರ ಇರುವುದಿಲ್ಲ. ಮೊಲ ತಿನ್ನುವುದರಲ್ಲಿ ಶೇ. 80ರಷ್ಟು ಹುಲ್ಲೇ ಆಗಿರಬೇಕು. ಅಂಕ ಕಳೆದದ್ದು ಮುಖ್ಯವಾಗಿ ಅದಕ್ಕೇ.

ಪಂಜರದಿಂದ ಶುರು ಮಾಡೋಣ. ತಳವೂ ತಂತಿಯದೇ, ಕೆಳಗೆ ಟ್ರೇ. ಹಿಕ್ಕೆ ಕೆಳಕ್ಕೆ ಬೀಳುತ್ತದೆ, ತೊಳೆಯುವವರಿಗೆ ಸುಖ. ಆದರೆ ಮೊಲದ ಪಾದಕ್ಕೆ ನಾಯಿ, ಬೆಕ್ಕಿನಂತೆ ಮೆತ್ತೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ಕೂತೂ ಕೂತೂ ಹಿಂಗಾಲಿನ ಹಿಮ್ಮಡಿಯ ಕೂದಲು ಸವೆದು, ಚರ್ಮ ಕೆಂಪಾಗಿ, ಕೊನೆಗೆ ಹುಣ್ಣಾಗುತ್ತದೆ. ಈಗಾಗಲೇ ಕೊಂಡಿದ್ದರೆ ತಂತಿಯ ಮೇಲೆ ಹಳೆಯ ದಪ್ಪ ಕಾಟನ್ ಬಟ್ಟೆ ಹಾಸಿ, ಅದರ ಮೇಲೆ ಎರಡಿಂಚು ಭತ್ತದ ಹುಲ್ಲು ಹರಡಿ. ಒದ್ದೆಯಾದದ್ದನ್ನು ದಿನವೂ ತೆಗೆಯಬೇಕು. ಮಂಡ್ಯ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ, ಆದರೆ ಮಳೆಗೆ ನೆನೆದು ಬೂಷ್ಟು ಹಿಡಿದ ಪಿಂಡಿ ಮಾತ್ರ ಬೇಡ. ಇದು ಹಾಸಿಗೆಗೆ ಸರಿ, ಹೊಟ್ಟೆಗೆ ಸಾಲದು.

ಬಾಗಿಲು ಮುಚ್ಚಿ ಸಾಕುವುದಕ್ಕಂತೂ ಈ ಪಂಜರ ಯಾವ ಲೆಕ್ಕಕ್ಕೂ ಬರುವುದಿಲ್ಲ. ಬ್ರಿಟನ್ನಿನ ರ್‍ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಒಂದು ಜೋಡಿಗೆ ಹೇಳುವುದು 3 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ. ಅಷ್ಟಾಗದಿದ್ದರೆ ಒಂದು ಕೋಣೆಯ ಮೂಲೆಗೆ ಬೇಲಿ ಕಟ್ಟಿ, ಪಂಜರವನ್ನು ಬಾಗಿಲು ತೆರೆದು ಒಳಗಿಡಿ. ಚಾರ್ಜರ್, ಫ್ಯಾನ್ ವೈರುಗಳನ್ನು ಪೈಪಿನೊಳಗೆ ಹಾಕದಿದ್ದರೆ ಕಚ್ಚಿ ತುಂಡು ಮಾಡುವುದು ಖಂಡಿತ.

ಮಿಕ್ಸ್ ಫುಡ್ ಪ್ಯಾಕೆಟ್ಟಿನಲ್ಲಿ ಜೋಳ, ಸೂರ್ಯಕಾಂತಿ ಬೀಜ, ಬಣ್ಣದ ಉಂಡೆಗಳು. ಮೊಲ ರುಚಿಯದ್ದನ್ನು ಆರಿಸಿ ತಿಂದು ನಾರಿನದ್ದನ್ನು ಬಿಡುತ್ತದೆ. ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಸವೆಸುವುದು ಗಂಟೆಗಟ್ಟಲೆ ಅಗಿಯುವ ಹುಲ್ಲು. ನಾರು ಕಡಿಮೆಯಾದರೆ ಕರುಳಿನ ಚಲನೆಯೂ ನಿಧಾನವಾಗುತ್ತದೆ. ಪ್ಯಾಕೆಟ್ ಬಿಟ್ಟು, ಒಂದೇ ಬಗೆಯ ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಆಹಾರ) ಕೊಳ್ಳಿ, ನಾರು ಶೇ. 18ಕ್ಕಿಂತ ಕಡಿಮೆ ಇರಬಾರದು. ಆರೇಳು ತಿಂಗಳವರೆಗೆ ಅಲ್ಫಾಲ್ಫಾ, ಅಂದರೆ ಕುದುರೆ ಮೆಂತ್ಯದ ಒಣಹುಲ್ಲು ಕೊಡಬಹುದು. ಆಮೇಲೆ ಅದರ ಸುಣ್ಣದಂಶ ಮೂತ್ರಕೋಶದಲ್ಲಿ ಗಸಿಯಾಗಿ ನಿಲ್ಲುವ ಸಂಭವ ಇರುವುದರಿಂದ ಟಿಮೊತಿ ಹುಲ್ಲಿಗೋ ಒಣಗಿಸಿದ ಗರಿಕೆಗೋ ನಿಧಾನವಾಗಿ ಬದಲಿಸಬೇಕು. ಬೆಳೆದ ಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಪೆಲೆಟ್ ಸಾಕು.

ಗಣೇಶನಿಗೆಂದು ದೇವರಾಜ ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಸಿಗುವ ಗರಿಕೆ ಮೊಲಕ್ಕೂ ಒಳ್ಳೆಯದೇ. ತೊಳೆದು, ನೀರು ಆರಿಸಿ ಕೊಡಿ. ಹಿಪ್ಪುನೇರಳೆ ಸೊಪ್ಪೂ ಆಗುತ್ತದೆ, ಔಷಧಿ ಹೊಡೆದ ತೋಟದ್ದಾಗಿರಬಾರದು ಅಷ್ಟೆ. ಅಂಗಡಿಯಲ್ಲಿ ಬರೀ ಪೆಲೆಟ್ ತಿಂದ ಮರಿಗೆ ಮೊದಲ ದಿನವೇ ರಾಶಿ ಹಸಿ ಸೊಪ್ಪು ಹಾಕಿದರೆ ಭೇದಿ. ಹಳೆಯ ಪೆಲೆಟ್ಟನ್ನೇ ಒಂದು ಹಿಡಿ ಕೇಳಿ ತಂದು, ಏಳರಿಂದ ಹತ್ತು ದಿನದಲ್ಲಿ ಹೊಸದಕ್ಕೆ ತನ್ನಿ. ಕ್ಯಾರೆಟ್ ಹೆಬ್ಬೆರಳ ಗಾತ್ರದ ತುಂಡು, ಅದೂ ಅಪರೂಪಕ್ಕೆ.

ಬಾಟಲಿ ಇರಲಿ, ಜೊತೆಗೆ ಭಾರದ ಪಿಂಗಾಣಿ ಬಟ್ಟಲೂ ಬೇಕು. ಬಟ್ಟಲಿನಿಂದ ಮೊಲ ಹೆಚ್ಚು ನೀರು ಕುಡಿಯುತ್ತದೆ. ಮರದ ಹೊಟ್ಟಿನ ಧೂಳು ಮೂಗು, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬೇಡ.

ಸೆಟ್ಟಿಗಿಂತ ದೊಡ್ಡ ಮೋಸ ಮರಿಗಳಲ್ಲೇ. ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸಿ ತಂದ ಮರಿ ನೋಡಲು ಮುದ್ದು, ಸಾಯುವುದು ಬೇಗ. ಎಂಟು ವಾರ ತುಂಬಿರಬೇಕು. ‘ಎರಡೂ ಹೆಣ್ಣು’ ಎಂಬ ಮಾತನ್ನು ನಂಬಬೇಡಿ, ಆ ವಯಸ್ಸಿನಲ್ಲಿ ಲಿಂಗ ಗುರುತಿಸುವುದರಲ್ಲಿ ತಪ್ಪು ಸಾಮಾನ್ಯ. ಮೂರು ತಿಂಗಳಾಗುವ ಮೊದಲೇ ಮತ್ತೊಮ್ಮೆ ಪಶುವೈದ್ಯರಿಗೆ ತೋರಿಸಿ. ಗರ್ಭದ ಅವಧಿ ಸುಮಾರು 31 ದಿನ, ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬವಾಗಬಲ್ಲದು. ಎರಡೂ ಗಂಡಾದರೆ ಪ್ರಾಯಕ್ಕೆ ಬಂದಮೇಲೆ ರಕ್ತ ಬರುವಂತೆ ಕಚ್ಚಾಡುತ್ತವೆ. ಗಂಡಿಗೆ ಆಪರೇಷನ್ ಮಾಡಿಸಿದ ಮೇಲೂ ಆರು ವಾರ ಬೇರೆಯೇ ಇಡಬೇಕು.

ಏಪ್ರಿಲ್‌ನಲ್ಲಿ ಶೀಟ್ ಚಾವಣಿಯ ಕೆಳಗೆ ಪಂಜರ ಇಡಬೇಡಿ. ಮೊಲ ಬೆವರುವುದಿಲ್ಲ, ಮುಖ್ಯವಾಗಿ ಕಿವಿಯಿಂದ ಕಾವು ಬಿಡುತ್ತದೆ. 30 ಡಿಗ್ರಿ ದಾಟಿದರೆ ಕಷ್ಟ. ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಸ್ನಾನ ಮಾಡಿಸಬೇಡಿ.

ಸೆಟ್ ಬಿಟ್ಟು ಉಳಿದ ದುಡ್ಡನ್ನು ವೈದ್ಯರಿಗೆ ಇಟ್ಟುಕೊಳ್ಳಿ. ಮೊಲ ನೋಡುವವರು ಯಾರೆಂದು ಮರಿ ತರುವ ಮೊದಲೇ ವಿಚಾರಿಸಿ. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ನಾಳೆಯವರೆಗೆ ಕಾಯುವಂತಿಲ್ಲ. ಅಂಗಡಿಯವರು ಮೈಮೇಲಿನ ಉಣ್ಣೆ ಹುಳಕ್ಕೆಂದು ಕೊಡುವ ನಾಯಿಯ ಫಿಪ್ರೋನಿಲ್ ಡ್ರಾಪ್ಸ್ ಮೊಲಕ್ಕೆ ವಿಷ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಬಾಯಿಗೆ ಹಾಕಿದರೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಬರುತ್ತದೆ.