ಸಾನ್ ಜನರ ಸಂಶೋಧನಾ ನೀತಿ ಸಂಹಿತೆ: ಚಿಕ್ಕದು, ಖಡಕ್, ಪುಕ್ಕಟೆ

ಸಂಶೋಧನೆಯ ನೀತಿ ನಿಯಮ ಅಂದ ಕೂಡಲೇ ಎರಡನೇ ಪುಟಕ್ಕೇ ನಿದ್ದೆ ಬರಿಸುವ ದಪ್ಪ ಕಡತ ಕಣ್ಮುಂದೆ ಬರುತ್ತದೆ, ಅಲ್ವಾ? ಈ ಸಂಹಿತೆ ಹಾಗಿಲ್ಲ. ಸಾನ್ ಅಂದರೆ ಆಫ್ರಿಕಾದ ದಕ್ಷಿಣ ಭಾಗದ ಮೂಲನಿವಾಸಿಗಳು. ದಕ್ಷಿಣ ಆಫ್ರಿಕಾದಲ್ಲಿರುವ ಅವರ ಮಂಡಳಿ, ಸಾನ್ ಕೌನ್ಸಿಲ್, ಇದನ್ನು 2017ರ ಮಾರ್ಚ್‌ನಲ್ಲಿ ಹೊರತಂದದ್ದು. ಕೆಲವೇ ಪುಟ, ಬಿಟ್ಟಿಯಾಗಿ ಸಿಗುತ್ತದೆ. ಯುರೋಪಿನ ಅನುದಾನದಲ್ಲಿ ನಡೆದ ಟ್ರಸ್ಟ್ ಎಂಬ ಸಂಶೋಧನಾ ನೀತಿಯ ಯೋಜನೆ ಕೈಜೋಡಿಸಿತ್ತು, ಆದರೆ ಮಾತು ಸಾನ್ ಜನರದ್ದೇ.

ಇದರ ಹಿಂದೆ ಒಂದು ಜಗಳವಿದೆ. 2010ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ನಮೀಬಿಯಾದ ನಾಲ್ವರು ಸಾನ್ ಹಿರಿಯರ ಮತ್ತು ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಜೀನೋಮ್ (ಅಂದರೆ ಡಿಎನ್‌ಎಯಲ್ಲಿರುವ ಪೂರ್ತಿ ಮಾಹಿತಿ) ಅಧ್ಯಯನ ಪ್ರಕಟವಾಯಿತು. ಆ ನಾಲ್ವರು ಒಪ್ಪಿಗೆ ಕೊಟ್ಟಿದ್ದರು, ಸರಿ. ಆದರೆ ನಮ್ಮನ್ನು ಕೇಳಲೇ ಇಲ್ಲವಲ್ಲ ಎಂದು ಸಮುದಾಯದ ಮುಖಂಡರು ತಕರಾರು ತೆಗೆದರು. ನ್ಯಾಯವಾದ ತಕರಾರೇ. ಒಬ್ಬ ತನ್ನ ಡಿಎನ್‌ಎ ಕೊಟ್ಟರೆ ಅಣ್ಣತಮ್ಮಂದಿರದ್ದು, ಮಕ್ಕಳದ್ದು, ಇಡೀ ಕುಲದ್ದು ಅಷ್ಟಿಷ್ಟು ಗುಟ್ಟು ಅದರ ಜೊತೆಗೇ ಹೋಗುತ್ತದೆ.

ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ ಅಂತ ಐದು ತಲೆಬರಹ ನೋಡಿ ಇದೂ ಸುಮ್ನೆ ಭಾಷಣ ಅಂದುಕೊಳ್ಳಬೇಡಿ. ಪ್ರತಿಯೊಂದರ ಕೆಳಗೆ ತಮಗೆ ಏನೇನಾಯಿತು ಎಂದು ಬರೆದಿದ್ದಾರೆ, ಇಡೀ ಸಂಹಿತೆಯ ಜೀವ ಇರುವುದು ಅಲ್ಲೇ. ಮನೆಯೊಳಗಿನ ಜನರ, ಹಾಲುಣಿಸುವ ತಾಯಂದಿರ ಫೋಟೋ ತೆಗೆದದ್ದು, ಜೀನೋಮ್ ಸಂಶೋಧಕರು ಮುಖಂಡರನ್ನು ಕೇಳದೆ ತಪ್ಪಿಸಿಕೊಂಡು ಹೋದದ್ದು, ಲಂಚದ ಆಮಿಷ, ಪ್ರಕಟಿಸುವ ಮೊದಲು ತೋರಿಸುತ್ತೇವೆ ಅಂದವರು ಆಮೇಲೆ ಮಾತು ತಪ್ಪಿದ್ದು, ಎಲ್ಲ ಇದೆ. ನಮ್ಮ ಜೊತೆ ಪಂಡಿತರ ಭಾಷೆ ಬೇಡ, ಸ್ಪಷ್ಟವಾಗಿ ಮಾತಾಡಿ, ಹಾಗಂತ ನಮಗೇನೂ ಅರ್ಥವಾಗುವುದಿಲ್ಲ ಅಂದುಕೊಳ್ಳಬೇಡಿ ಎನ್ನುವ ಮಾತು ನನಗೆ ಬಹಳ ಹಿಡಿಸಿತು. ತೀರಾ ಕೆಟ್ಟದಾಗಿ ನಡೆದುಕೊಂಡ ಸಂಸ್ಥೆಯನ್ನು ಕಪ್ಪುಪಟ್ಟಿಗೆ ಹಾಕುವ ಎಚ್ಚರಿಕೆಯೂ ಇದೆ. ಭಲೇ!

ಕೊರತೆ ಇಲ್ಲ ಅಂತಲ್ಲ. ಇದು ಕಾನೂನಲ್ಲ, ಮುರಿದವರಿಗೆ ಕೋರ್ಟಿನ ಹೆದರಿಕೆ ಇಲ್ಲ. ಇನ್ನೊಂದು, ಇದನ್ನು ಮಾಡಿದವರು ದಕ್ಷಿಣ ಆಫ್ರಿಕಾದ ಸಾನ್ ಜನ. ಜಗಳ ಎದ್ದದ್ದೇ ನಮೀಬಿಯಾದವರ ಜೀನೋಮ್ ವಿಷಯಕ್ಕೆ, ಅವರ ಪರವಾಗಿ ಸಹಿ ಹಾಕುವ ಅಧಿಕಾರ ಈ ಕೌನ್ಸಿಲ್‌ಗೆ ಎಲ್ಲಿದೆ? ಮತ್ತೆ, ಬಂದ ಅರ್ಜಿಗಳನ್ನೆಲ್ಲ ಓದಿ ಒಪ್ಪಿಗೆ ಕೊಡುವ ಕೆಲಸಕ್ಕೆ ಜನ ಬೇಕು, ದುಡ್ಡು ಬೇಕು. ಕೈಲಾದಷ್ಟು ಮಾಡುತ್ತೇವೆ ಎಂದು ಅವರೇ ಒಪ್ಪಿಕೊಂಡಿದ್ದಾರೆ.

ನಮ್ಮ ಉತ್ತರ ಕನ್ನಡದ ಸಿದ್ದಿಗಳ ಡಿಎನ್‌ಎ ಕೂಡ ಸಂಶೋಧಕರ ಪ್ರಯೋಗಾಲಯ ಸೇರಿದೆ. ಹಾಗಾಗಿ ಜೀವಶಾಸ್ತ್ರ, ಮಾನವಶಾಸ್ತ್ರ ಓದುವ ಹುಡುಗರು ಹಾಡಿಗೆ ಸಿರಿಂಜ್ ಹಿಡಿದು ಹೊರಡುವ ಮೊದಲೇ ಇದನ್ನು ಓದಲಿ. ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಕಾನೂನಿನ ಹಲ್ಲಿಲ್ಲ ಅಂತ, ಅದು ಸರ್ಕಾರದ ತಪ್ಪು, ಬರೆದವರದ್ದಲ್ಲ.