ಗುಂಡು ತುಂಬಿದವರು ಹೇಳುವ ಯುದ್ಧ: ಮಡಿಕೇರಿಯ ಒಂದು ಅರ್ಧ ದಿನದ ಪ್ರವಾಸ

ಕೊಡಗಿನ ಹೋಂಸ್ಟೇಗಳು ಅತಿಥಿಗಳ ಮುಂದೆ ಕಾಫಿ ತೋಟದ ಸುತ್ತಾಟ, ಅಬ್ಬಿ ಜಲಪಾತ ಮತ್ತು ದುಬಾರೆಯ ಆನೆಗಳ ಪಟ್ಟಿಯನ್ನು ಇಡುವುದು ರೂಢಿ. ಮೂರ್ನಾಡು ಕಡೆಯ ಒಂದು ಹೋಂಸ್ಟೇ ಮಾತ್ರ ಇದರ ಜೊತೆಗೆ, ವಾಯುಪಡೆಯ ಶಸ್ತ್ರಾಸ್ತ್ರ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಸೇನಾ ಪರಂಪರೆಯ ಪ್ರವಾಸವನ್ನೂ ನಡೆಸುತ್ತದೆ. ಜನ ಹೆಚ್ಚಿದರೆ ಹಿರಿಯರಿಗೆ ಆಯಾಸವಾಗುತ್ತದೆ ಎಂಬ ಕಾರಣಕ್ಕೆ ಹೆಸರು ಪ್ರಕಟಿಸಬೇಡಿರೆಂದು ಮನೆಯವರು ಕೇಳಿಕೊಂಡಿದ್ದಾರೆ. ಆ ಮಾತನ್ನು ಇಲ್ಲಿ ಪಾಲಿಸಿದ್ದೇನೆ.

ಪ್ರವಾಸದ ಮೊದಲ ನಿಲುಗಡೆ ಮಡಿಕೇರಿ ಪೇಟೆಯಲ್ಲಿರುವ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರತಿಮೆ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಹೊರಟ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದ್ದು, ಆ ತಂಡದಲ್ಲಿದ್ದ ದೇವಯ್ಯನವರು ತಮಗಿಂತ ಬಹಳ ವೇಗದ ಎಫ್-104 ಸ್ಟಾರ್‌ಫೈಟರನ್ನು ಹೊಡೆದುರುಳಿಸಿ ಹಿಂದಿರುಗದೆ ಹೋದದ್ದು ಕೊಡಗಿನ ಮನೆಮನೆಗೂ ಗೊತ್ತಿರುವ ಸಂಗತಿ. ಹಿರಿಯರು ಈ ಶೌರ್ಯದ ಭಾಗವನ್ನು ಬೇಗ ಮುಗಿಸಿ, ದೇವಯ್ಯನವರು ಅಂದು ಮೀಸಲು ಪೈಲಟ್ ಆಗಿದ್ದರು ಎಂಬ ಅಂಶದ ಮೇಲೆ ನಿಲ್ಲುತ್ತಾರೆ. ಹನ್ನೆರಡು ವಿಮಾನಗಳ ದಾಳಿಯಲ್ಲಿ ಒಂದು ಕೈಕೊಟ್ಟರೆ ಅದರ ಸ್ಥಾನಕ್ಕೆ ಇನ್ನೊಂದು ಕೂಡಲೇ ಸೇರಬೇಕು. ಅದಕ್ಕಾಗಿ, ಹಾರುವುದೋ ಇಲ್ಲವೋ ಗೊತ್ತಿಲ್ಲದ ವಿಮಾನಕ್ಕೂ ರಾತ್ರಿಯೇ ಇಂಧನ ತುಂಬಿ, ಎರಡೂ 30 ಮಿಲಿಮೀಟರ್ ಫಿರಂಗಿಗಳಿಗೆ ಗುಂಡು ಏರಿಸಿ, ತಪಾಸಣೆ ಮುಗಿಸಿ ಇಡಬೇಕು. ಸರ್ಗೋಧಾ ದೂರದ ಗುರಿಯಾಗಿದ್ದರಿಂದ ಇಂಧನದ ಲೆಕ್ಕ ಎಷ್ಟು ಬಿಗಿಯಾಗಿತ್ತು, ದಾರಿಯಲ್ಲಿ ಕಾಳಗಕ್ಕೆ ನಿಂತವನಿಗೆ ಮನೆಯ ದಾರಿ ಏಕೆ ಉಳಿಯುತ್ತಿರಲಿಲ್ಲ ಎಂಬುದನ್ನೂ ಅವರು ಇಷ್ಟೇ ಸರಳವಾಗಿ ತಿಳಿಸುತ್ತಾರೆ. ಪಾಕಿಸ್ತಾನದ ಕಡೆಯ ವಿವರಗಳಿದ್ದ ಪುಸ್ತಕವೊಂದು 1979ರಲ್ಲಿ ಹೊರಬಂದ ಮೇಲಷ್ಟೇ ಆ ಕಾಳಗದ ಪೂರ್ತಿ ಸ್ವರೂಪ ತಿಳಿದು, 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಬಂದ ಕಥೆಯನ್ನು ಮಾತ್ರ ಅವರು ಸ್ವಲ್ಪ ಕಟುವಾಗಿಯೇ ಹೇಳಿದರು. ಆ ಕಟುತ್ವ ನನಗೆ ಅನುಚಿತವೆನಿಸಲಿಲ್ಲ.

ಎರಡನೆಯ ನಿಲುಗಡೆ 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ, ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ ಮನೆಯ ವಸ್ತುಸಂಗ್ರಹಾಲಯ. ಅಲ್ಲಿ ನಿಲ್ಲಿಸಿರುವ ಮಿಗ್-21ರ ಬಳಿ ಕಳೆಯುವ ಹೊತ್ತೇ ಈ ಪ್ರವಾಸದ ಸಾರ. ಸಾಮಾನ್ಯವಾಗಿ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಹಿರಿಯರಾದರೋ ಮೂತಿಯ ಗಾಳಿಗಂಡಿಯನ್ನು ತೋರಿಸಿ, ರನ್‌ವೇಯ ಮೇಲಿನ ಒಂದು ಸಣ್ಣ ಕಲ್ಲು ಒಳಗೆ ಸೆಳೆಯಲ್ಪಟ್ಟರೆ ಎಂಜಿನ್ನಿನ ಗತಿ ಏನಾಗುತ್ತದೆಂದು ವಿವರಿಸಿ, ಅದಕ್ಕಾಗಿಯೇ ಏರ್‌ಮನ್‌ಗಳು ಸಾಲಾಗಿ ನಡೆಯುತ್ತ ಕಲ್ಲು, ತಂತಿ, ಮೊಳೆಗಳನ್ನು ಆರಿಸುತ್ತಿದ್ದುದನ್ನು ನೆನೆಯುತ್ತಾರೆ. ಬಾಲದ ಬಳಿ, ಇಳಿಯುವಾಗ ವೇಗ ತಗ್ಗಿಸುವ ಪ್ಯಾರಾಶೂಟ್ ಇರುವ ಜಾಗಕ್ಕೆ ಕರೆದೊಯ್ದು, ಅದನ್ನು ಬಳಸಿದ ಮೇಲೆ ಯಾರೋ ಒಬ್ಬರು ಮಡಚಿ ಕಟ್ಟಲೇಬೇಕಲ್ಲವೇ ಎನ್ನುತ್ತಾರೆ. ಅಪಾಯದ ಹೊತ್ತಿನಲ್ಲಿ ಪೈಲಟನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಎಜೆಕ್ಷನ್ ಸೀಟಿನಲ್ಲಿ ಅವನು ಕುಳಿತ ನಂತರ ಅದರ ಸುರಕ್ಷತಾ ಪಿನ್ನುಗಳನ್ನು ಕಿತ್ತು ಅವನ ಕಣ್ಣಿಗೆ ಬೀಳುವಂತೆ ಎಣಿಸಿ ತೋರಿಸುವ ಕ್ರಮವನ್ನು ಅವರು ಬೆರಳುಗಳಲ್ಲೇ ಮಾಡಿ ತೋರಿಸಿದರು. ನಮ್ಮ ಗುಂಪಿನ ಹುಡುಗಿಯೊಬ್ಬಳು, “ಸಾರ್, ನೀವು ಯುದ್ಧದಲ್ಲಿ ವಿಮಾನ ಹಾರಿಸಿದ್ದೀರಾ?” ಎಂದು ಕೇಳಿದಾಗ, “ಇಲ್ಲಮ್ಮ, ನಾನು ಗುಂಡು ತುಂಬಿದವನು” ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು.

ಅವರು 1971ರ ಯುದ್ಧದಲ್ಲಿ ಕೆಲಸ ಮಾಡಿದ್ದು ಹಂಟರ್ ಎಂಬ ಬ್ರಿಟಿಷ್ ಯುದ್ಧವಿಮಾನಗಳ ಮೇಲೆ. ಹಂಟರಿನ ನಾಲ್ಕು ಏಡನ್ ಫಿರಂಗಿಗಳೂ ಅವುಗಳ ಗುಂಡಿನ ಪೆಟ್ಟಿಗೆಗಳೂ ಸೇರಿ ಒಂದೇ ಕಟ್ಟಾಗಿದ್ದುದರಿಂದ, ನಳಿಗೆಗಳನ್ನು ವಿಮಾನದಲ್ಲೇ ಬಿಟ್ಟು ಖಾಲಿ ಕಟ್ಟನ್ನು ಕೆಳಗಿಳಿಸಿ, ಮೊದಲೇ ತುಂಬಿಟ್ಟ ಇನ್ನೊಂದನ್ನು ಮೇಲಕ್ಕೆತ್ತಿ ಕೂರಿಸಿದರೆ ಕೆಲಸ ಮುಗಿಯುತ್ತಿತ್ತು. ಇಂಧನದವರು, ಎಂಜಿನ್ನಿನವರು, ರೇಡಿಯೋದವರು ಎಲ್ಲರೂ ಒಂದೇ ವಿಮಾನದ ಸುತ್ತ ಮುತ್ತಿಕೊಂಡು, ಕೊನೆಗೆ ಫಾರ್ಮ್ 700 ಎಂಬ, ವಿಮಾನದ ತಪಾಸಣೆ-ದುರಸ್ತಿಗಳ ದಾಖಲೆ ಪುಸ್ತಕಕ್ಕೆ ತಮ್ಮ ತಮ್ಮ ಸಹಿ ಹಾಕುವುದು, ಅದರ ಕೆಳಗೆ ಪೈಲಟ್ ಸಹಿ ಮಾಡಿ ವಿಮಾನವನ್ನು ತನ್ನದಾಗಿಸಿಕೊಳ್ಳುವುದು, ಮರಳಿದವನು ಮೊದಲು ಗುಪ್ತಚರ ಅಧಿಕಾರಿಗೆ ವರದಿ ಒಪ್ಪಿಸುವುದು, ಗನ್ ಕ್ಯಾಮೆರಾದ ಫಿಲ್ಮು ತೊಳೆಯಲು ಹೋಗುವುದು, ಇವೆಲ್ಲವೂ ಅವರ ಮಾತಿನಲ್ಲಿ ಒಂದರ ಹಿಂದೊಂದು ಬಂದವು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ಎರಗಿದ ಮೇಲೆ ದೀಪ ಹಚ್ಚುವಂತಿರಲಿಲ್ಲ. ಮುಸುಕು ಹಾಕಿದ ಟಾರ್ಚಿನಲ್ಲಿ ಕೆಲಸ, ಪಕ್ಕದಲ್ಲೇ ಕಂದಕ, ವಿಮಾನದ ಬಳಿಗೇ ಬರುವ ಚಹಾ. ಹಂಟರುಗಳಿಗೆ ರಾತ್ರಿ ಹೋರಾಡುವ ಸಾಮರ್ಥ್ಯ ಇರಲಿಲ್ಲವಾದ್ದರಿಂದಲೇ ರಾಜಸ್ಥಾನದ ಗಡಿಯ ಲೋಂಗೇವಾಲಾದಲ್ಲಿ ರಾತ್ರಿಯಿಡೀ ಪಾಕಿಸ್ತಾನದ ಟ್ಯಾಂಕುಗಳನ್ನು ಎದುರಿಸಿದ ನಮ್ಮ ಸೈನಿಕರು ಡಿಸೆಂಬರ್ 5ರ ಬೆಳಕು ಹರಿಯುವವರೆಗೆ ಕಾಯಬೇಕಾಯಿತು, ಜೈಸಲ್ಮೇರಿನ ವಿಮಾನಗಳು ಬೆಳಕಿನೊಂದಿಗೇ ಅಲ್ಲಿಗೆ ತಲುಪಿದವು ಎಂಬ ಅವರ ವಿವರಣೆಯಿಂದ, ಬೆಳಗಾಗುವ ಮುನ್ನವೇ ಸ್ಕ್ವಾಡ್ರನ್ ಏಕೆ ಎದ್ದಿರುತ್ತಿತ್ತೆಂಬುದು ತಾನಾಗಿಯೇ ಅರ್ಥವಾಗುತ್ತದೆ.

ಕೊರತೆಗಳೂ ಇವೆ. ಪ್ರತಿಮೆಯ ಬಳಿ ವಾಹನಗಳ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಆ ಭಾಗವನ್ನು ಹೋಂಸ್ಟೇ ಜಗಲಿಯಲ್ಲೇ ಹೇಳಿ, ಪ್ರತಿಮೆಯ ಬಳಿ ನಮಿಸಿ ಮುಂದುವರಿದರೆ ಸಾಕು. ಜೊತೆಗೆ ಬರುವ ಯುವ ಸಹಾಯಕ ಉತ್ಸಾಹದಲ್ಲಿ ಮಿಸ್ಟೇರನ್ನು ಎರಡನೆಯ ಮಹಾಯುದ್ಧದ ವಿಮಾನವೆಂದರು. ಅದು ಯುದ್ಧಾನಂತರದ ಫ್ರೆಂಚ್ ಜೆಟ್, ನಮ್ಮ ವಾಯುಪಡೆಗೆ ಬಂದದ್ದು 1957ರಲ್ಲಿ. ಹಂಚುವ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಇಷ್ಟು ಒಳ್ಳೆಯ ಕನ್ನಡದಲ್ಲಿ ಮಾತನಾಡುವವರ ಪ್ರವಾಸಕ್ಕೆ ಇದು ಶೋಭಿಸುವುದಿಲ್ಲ. 1965ರ ಸೆಪ್ಟೆಂಬರ್ 22ರಂದು ಹಂಟರಿನಲ್ಲಿ ಹೋಗಿ ಸೆರೆಸಿಕ್ಕ ಕೆ.ಸಿ. ಕಾರ್ಯಪ್ಪನವರ ಪ್ರಸಂಗ ಎರಡೇ ವಾಕ್ಯಗಳಲ್ಲಿ ಮುಗಿಯಿತು. ಅವರ ತಂದೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮನೆ ‘ರೋಶನಾರಾ’ ಇದೇ ಊರಿನಲ್ಲಿರುವಾಗ ಇಷ್ಟು ಅವಸರ ಬೇಕಿರಲಿಲ್ಲ.

ಮಧ್ಯಾಹ್ನದ ಕಡಂಬುಟ್ಟು ಮತ್ತು ಪಂದಿಕರಿ ಶುಲ್ಕದಲ್ಲಿ ಸೇರಿವೆ, ಸಸ್ಯಾಹಾರಿಗಳು ಮುಂಚಿತವಾಗಿ ತಿಳಿಸಬೇಕು. ಮಳೆಗಾಲದಲ್ಲಿ ಪ್ರವಾಸ ಇರುವುದಿಲ್ಲ. ತೀರ ಚಿಕ್ಕ ಮಕ್ಕಳಿಗೆ ಇದು ಬೇಸರ ತರಿಸೀತು. ಎಂಜಿನಿಯರಿಂಗ್ ಓದುತ್ತಿರುವ ಮಗನೋ ಮಗಳೋ ಇದ್ದರೆ ಮಾತ್ರ ತಪ್ಪದೆ ಕರೆದೊಯ್ಯಿರಿ, ಮಿಗ್-21ರ ಬಳಿ ಅವರು ಪ್ರಶ್ನೆ ಕೇಳಲು ಸಮಯವನ್ನೂ ಇಟ್ಟುಕೊಳ್ಳಿರಿ.