ಟೈಮ್‌ಟೇಬಲ್, ವಾರದ ವಿಷಯ, ತಟ್ಟೆ: ಮನೆಯಲ್ಲಿ ಮಕ್ಕಳ ದಿನ ಹೊಂದಿಸಲು ಯಾವುದು ಒಳ್ಳೆಯದು?

ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳಲು ಶುರು ಮಾಡುವ ಹೆಂಗಸರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡಿಸ್ತೀರಿ?" ಕೇಳಲೇಬೇಕಾದ ಪ್ರಶ್ನೆ ಅದು. ಊಟ, ನಿದ್ದೆ ಕಳೆದರೂ ದಿನಕ್ಕೆ ಐದಾರು ಗಂಟೆ ಉಳಿಯುತ್ತದೆ. ಸಣ್ಣ ಮಕ್ಕಳ ಜೊತೆ ಅದು ಬಹಳ ದೊಡ್ಡ ಹೊತ್ತು. ಅದನ್ನು ಗಂಟೆ ಪ್ರಕಾರ ಹಂಚಬಹುದು, ವಾರಕ್ಕೊಂದು ವಿಷಯ ಇಟ್ಟುಕೊಳ್ಳಬಹುದು, ಇಲ್ಲವೇ ತಟ್ಟೆಗಳಲ್ಲಿ ಕೆಲಸ ಜೋಡಿಸಿ ಮಗುವೇ ಆರಿಸಿಕೊಳ್ಳಲು ಬಿಡಬಹುದು.

ನಮ್ಮ ಮನೆ ಇರುವುದು ಬೆಂಗಳೂರಿನ ಬಸವನಗುಡಿಯಲ್ಲಿ. ಕೆಳಗಿನ ಎರಡು ಕೋಣೆ ಮತ್ತು ಹಿತ್ತಲಿನಲ್ಲಿ ಐದು ಮಕ್ಕಳು. ಎಲ್ಲಕ್ಕಿಂತ ಸಣ್ಣದಕ್ಕೆ ಒಂದೂಕಾಲು ವರ್ಷ, ದೊಡ್ಡವಳಿಗೆ ಇನ್ನೇನು ನಾಲ್ಕು ತುಂಬುತ್ತದೆ. ಸಹಾಯಕ್ಕೆ ಒಬ್ಬರು ಅಕ್ಕ ಬರುತ್ತಾರೆ. ಈ ವಯಸ್ಸಿನ ಅಂತರವನ್ನು ನೆನಪಿಟ್ಟುಕೊಂಡು ಮುಂದೆ ಓದಿ. ನನ್ನ ತೀರ್ಮಾನ ನಿಂತಿರುವುದೇ ಅದರ ಮೇಲೆ. ಒಂದೇ ವಯಸ್ಸಿನ ಹತ್ತು ಮಕ್ಕಳನ್ನು ಇಟ್ಟುಕೊಂಡವರಿಗೆ ಬೇರೆ ಲೆಕ್ಕ ಬರಬಹುದು.

ಗಂಟೆ ಪ್ರಕಾರ ಟೈಮ್‌ಟೇಬಲ್

ಒಂಬತ್ತೂವರೆಗೆ ಹಾಡು, ಹತ್ತಕ್ಕೆ ಚಿತ್ರ, ಹತ್ತೂವರೆಗೆ ಹಣ್ಣು, ಹನ್ನೊಂದಕ್ಕೆ ಪಾರ್ಕು, ಹನ್ನೆರಡಕ್ಕೆ ಕಥೆ. ಗೋಡೆ ಮೇಲೆ ಅಂಟಿಸಿದರೆ ನೋಡೋಕೆ ಚೆಂದ. ಅಪ್ಪ ಅಮ್ಮಂದಿರಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಅವರಿಗೂ ಸಮಾಧಾನ. ಇದರ ದೊಡ್ಡ ಗುಣ ಬೇರೆ ಇದೆ. ನನಗೆ ಜ್ವರ ಬಂದು ಮಲಗಿದರೂ ಸಹಾಯದ ಅಕ್ಕ ಆ ಪಟ್ಟಿ ನೋಡಿಕೊಂಡು ದಿನ ನಡೆಸಬಲ್ಲರು. ಯಾರನ್ನೂ ಕೇಳಬೇಕಿಲ್ಲ. ಔಷಧಿ, ಹಾಲು, ಊಟದ ಹೊತ್ತಿಗಂತೂ ಗಡಿಯಾರ ಬೇಕೇ ಬೇಕು. ಅದರಲ್ಲಿ ಮಾತೇ ಇಲ್ಲ.

ಆದರೆ ಆಟದ ಹೊತ್ತನ್ನು ಅರ್ಧರ್ಧ ಗಂಟೆ ಕತ್ತರಿಸಿದರೆ ಈ ಊರಲ್ಲಿ ನಡೆಯುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಟ್ರಾಫಿಕ್ ದಾಟಿ ಆಫೀಸಿಗೆ ಹೋಗುವವರು ಎಂಟಕ್ಕೇ ಮಗುವನ್ನು ಬಿಟ್ಟು ಓಡುತ್ತಾರೆ. ವರ್ಕ್ ಫ್ರಂ ಹೋಮ್ ಇರುವವರು ಹತ್ತೂವರೆಗೆ ನಿಧಾನವಾಗಿ ಬರುತ್ತಾರೆ. ಚಿತ್ರ ಬರೆಯುವ ಹೊತ್ತಿಗೆ ಒಂದು ಮಗುವಿಗೆ ಆಗಲೇ ಸಾಕಾಗಿರುತ್ತದೆ, ಇನ್ನೊಂದು ಗೇಟಿನ ಹತ್ತಿರ ಅಮ್ಮನ ದುಪಟ್ಟಾ ಹಿಡಿದು ಅಳುತ್ತಿರುತ್ತದೆ. ಸಣ್ಣದು ಹತ್ತೂಕಾಲಿಗೇ ತೂಕಡಿಸುತ್ತದೆ. ದೊಡ್ಡವಳು ಮರದ ತುಂಡು ಪೇರಿಸಿ ಸೇತುವೆ ಕಟ್ಟುವಾಗ ಆಸೆಯಿಂದ ಮುಳುಗಿರುತ್ತಾಳೆ. ಅವಳನ್ನು ಎಬ್ಬಿಸಿ "ಟೈಮ್ ಆಯ್ತು ಪುಟ್ಟಿ, ಬಾ" ಅನ್ನುವುದು ನನಗೆ ಸರಿ ಅನಿಸುವುದೇ ಇಲ್ಲ. ಆ ವಯಸ್ಸಿನಲ್ಲಿ ಒಂದೇ ಕೆಲಸದಲ್ಲಿ ಇಪ್ಪತ್ತು ನಿಮಿಷ ಕೂರುವುದು ಸಣ್ಣ ಸಂಗತಿಯಲ್ಲ. ನಾವಾಗಿ ಅದನ್ನು ಮುರಿಯಬಾರದು.

ಇನ್ನೊಂದು ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದ ಒಳಗಿನ ಮಕ್ಕಳ ಬಗ್ಗೆ ಸೂಚನೆಗಳನ್ನು ಕೊಟ್ಟಿತು. ಒಂದು ವರ್ಷ ದಾಟಿದ ಮಕ್ಕಳು ದಿನಕ್ಕೆ ಕನಿಷ್ಠ 3 ಗಂಟೆ ಮೈ ಆಡಿಸಬೇಕು. ಒಂದೆರಡು ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು ನಾಲ್ಕು ವರ್ಷದವರಿಗೆ 10ರಿಂದ 13. ಟೈಮ್‌ಟೇಬಲ್‌ನಲ್ಲಿ "ಪಾರ್ಕು, 45 ನಿಮಿಷ" ಅಂತ ಬರೆದರೆ ಮೂರು ಗಂಟೆ ಎಲ್ಲಿಂದ ಬರಬೇಕು? ಮಕ್ಕಳು ಬಗ್ಗುತ್ತಾ, ಹೊರುತ್ತಾ, ಓಡುತ್ತಾ, ಮೆಟ್ಟಿಲು ಹತ್ತುತ್ತಾ ಇರುವ ಹಾಗೆ ಇಡೀ ದಿನವನ್ನೇ ಹೊಂದಿಸಬೇಕು. ಅದೇ ಸೂಚನೆ ಎರಡು ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಅನ್ನುತ್ತದೆ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು. ನಮ್ಮಲ್ಲಿ ಎಲ್ಲ ವಯಸ್ಸಿನವರೂ ಒಟ್ಟಿಗೆ ಇರುವುದರಿಂದ ಟಿವಿ ಹಾಕುವುದೇ ಇಲ್ಲ.

ವಾರಕ್ಕೊಂದು ವಿಷಯ

ಈ ವಾರ ಹಣ್ಣು, ಮುಂದಿನ ವಾರ ಮಳೆ, ಆಮೇಲೆ ವಾಹನ. ಹಾಡು, ಕಥೆ, ಚಿತ್ರ ಎಲ್ಲವೂ ಅದರ ಸುತ್ತಲೇ. ನಮ್ಮ ಮನೆಗೆ ತಮಿಳು, ತೆಲುಗು, ಹಿಂದಿ ಮಾತಾಡುವ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಅವರಿಗೆ ಈ ರೀತಿ ತುಂಬ ಒಳ್ಳೆಯದು. ಒಂದು ವಾರ ಪೂರ್ತಿ ಸೀಬೆಹಣ್ಣನ್ನು ಮುಟ್ಟಿ, ಮೂಸಿ, ತಿಂದು, ಬಣ್ಣ ಹಚ್ಚಿದ ಮಗುವಿಗೆ "ಸೀಬೆ" ಅನ್ನುವ ಮಾತು ತಾನಾಗೇ ಬಾಯಿಗೆ ಬರುತ್ತದೆ.

ವಿಷಯ ಹುಡುಕಲು ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ಮೂರರಿಂದ ಆರು ವರ್ಷದವರಿಗೆ "ಆಧಾರಶಿಲಾ" ಎಂಬ ಪಠ್ಯಕ್ರಮ ತಂದಿದೆ. ಅಂಗನವಾಡಿಗಳಿಗೆಂದು 48 ವಾರಗಳ ಲೆಕ್ಕದಲ್ಲಿ ಮಾಡಿದ್ದು. ಮನೆಯಲ್ಲಿ ನೋಡಿಕೊಳ್ಳುವವರಿಗೂ ಅದರಿಂದ ಬೇಕಾದಷ್ಟು ಸಿಗುತ್ತದೆ.

ನನಗೆ ತುಂಬ ಇಷ್ಟವಾಗುವುದು ನಮ್ಮ ಬೀದಿಯಲ್ಲೇ ಹುಟ್ಟುವ ವಿಷಯ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ಪರಿಷೆ. ಆ ವಾರ ಬೇರೆ ವಿಷಯ ಇಟ್ಟುಕೊಂಡರೆ ಮಕ್ಕಳ ಮನಸ್ಸು ಅಲ್ಲಿ ಇರುವುದೇ ಇಲ್ಲ. ಬಟ್ಟೆ ಹ್ಯಾಂಗರಿಗೆ ಎರಡು ಚಿಪ್ಪು ಕಟ್ಟಿ ತಕ್ಕಡಿ ಮಾಡುತ್ತೇವೆ. ದೊಡ್ಡವಳು ಕಾಯಿ ತೂಗುತ್ತಾಳೆ, ಚೌಕಾಸಿ ಮಾಡುತ್ತಾಳೆ. ಮೂರು ವರ್ಷದವನು ಮುಚ್ಚಳ ಬಿಗಿದ ಡಬ್ಬದಲ್ಲಿ ಕಾಯಿ ಅಲ್ಲಾಡಿಸಿ ಸದ್ದು ಕೇಳುತ್ತಾನೆ. ಒಂದೇ ಒಂದು ಕಟ್ಟುನಿಟ್ಟು: ಬೀಜ ಮಕ್ಕಳ ಕೈಗೆ ಸಿಗಬಾರದು. ಇಡೀ ಕಡಲೆಬೀಜ ಈ ವಯಸ್ಸಿನವರ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಮಕ್ಕಳು ಅಂಟಿಸುವುದಕ್ಕೆ ಖಾಲಿ ಸಿಪ್ಪೆ. ತಿನ್ನುವುದಕ್ಕೆ, ಕಡಲೆಕಾಯಿ ಯಾವ ಮಗುವಿಗೂ ಅಲರ್ಜಿ ಇಲ್ಲ ಅಂತ ಮನೆಯವರನ್ನು ಕೇಳಿಕೊಂಡ ಮೇಲೆ, ನುಣ್ಣಗೆ ಪುಡಿ ಮಾಡಿ ಬೆಲ್ಲದ ಜೊತೆ.

ಹಾಗಾದರೆ ವರ್ಷವಿಡೀ ಇದನ್ನೇ ಯಾಕೆ ಮಾಡಬಾರದು? ವಿಷಯ ಹಿಡಿಸುವುದು ಮೂರು ದಾಟಿದವರಿಗೆ ಮಾತ್ರ. ಒಂದೂಕಾಲು ವರ್ಷದ ಮಗುವಿಗೆ ವಾಹನದ ವಾರವೂ ಅಷ್ಟೇ, ಮಳೆಯ ವಾರವೂ ಅಷ್ಟೇ. ಅದಕ್ಕೆ ಬೇಕಾಗಿರುವುದು ಡಬ್ಬ ತೆಗೆಯುವುದು, ಮುಚ್ಚುವುದು. ಜೊತೆಗೆ ರಾತ್ರಿ ಹೊತ್ತು ಕೂತು ಕಾಗದ ಕತ್ತರಿಸುವ ಕೆಲಸ ಪೂರ್ತಿ ನಮ್ಮ ತಲೆ ಮೇಲೆ. ಬೆಳಗ್ಗೆ ಮಗು ಮಾಡುವುದು ನಾವು ಕತ್ತರಿಸಿದ ಬಾತುಕೋಳಿಗೆ ನಾವು ತೋರಿಸಿದ ಕಡೆ ಕಣ್ಣು ಅಂಟಿಸುವುದಷ್ಟೇ. ಐದು ಬಾತುಕೋಳಿಗಳೂ ಒಂದೇ ಥರ. ಮನೆಗೆ ತೆಗೆದುಕೊಂಡು ಹೋಗಲು ಚೆನ್ನಾಗಿದೆ, ಮಗುವಿನದು ಅಂತ ಅದರಲ್ಲಿ ಏನಿದೆ?

ತಿಂಗಳ ಪೆಟ್ಟಿಗೆ

ಚಂದಾ ಕಟ್ಟಿದರೆ ತಿಂಗಳಿಗೊಮ್ಮೆ ಮನೆಗೆ ಬರುವ ಚಟುವಟಿಕೆ ಪೆಟ್ಟಿಗೆಯನ್ನೂ ತರಿಸಿ ನೋಡಿದೆ. ಒಂದು ಮಗು ಇರುವ ಮನೆಗೆ ಆದೀತು. ನಮ್ಮಂಥವರಿಗೆ ಬೇಡ. ಒಂದು ಸಲಕ್ಕೆ ಮುಗಿದು ಹೋಗುತ್ತದೆ, ಐವರಿಗೆ ಸಾಲುವುದಿಲ್ಲ. ಮೇಲೆ ಮೂರು ವರ್ಷ ದಾಟಿದವರಿಗೆ ಅಂತ ಬರೆದಿದ್ದರೆ ಒಳಗೆ ಸಣ್ಣ ಮಣಿ ಇರುತ್ತದೆ, ಅದು ಉರುಳಿ ಸಣ್ಣದರ ಕೈಗೆ ಹೋಗುತ್ತದೆ. ಆಟಿಕೆ ಕೊಳ್ಳುವುದೇ ಆದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ.

ಕೊಂಡಿ ಮತ್ತು ತಟ್ಟೆ

ಈಗ ನಾನು ನಡೆಸುತ್ತಿರುವುದು ಇದು, ಬಿಡುವ ಯೋಚನೆಯೂ ಇಲ್ಲ. ದಿನಕ್ಕೆ ಕೆಲವು ಕೊಂಡಿಗಳು ಮಾತ್ರ ಗಟ್ಟಿ: ಹಣ್ಣು ತಿನ್ನುವುದು, ಹೊರಗೆ ಹೋಗುವುದು, ಊಟ, ನಿದ್ದೆ. ಯಾವುದರ ನಂತರ ಯಾವುದು ಅನ್ನುವ ಕ್ರಮ ಯಾವತ್ತೂ ಬದಲಾಗುವುದಿಲ್ಲ. ಗಡಿಯಾರ ಓದಲು ಬಾರದ ಮಗುವಿಗೆ ಈ ಕ್ರಮವೇ ಗಡಿಯಾರ. ಕೈ ತೊಳೆದ ಮೇಲೆ ಊಟ, ಊಟ ಆದ ಮೇಲೆ ಚಾಪೆ, ಚಾಪೆ ಮೇಲೆ ಕಥೆ. ಎರಡು ವರ್ಷದವನು ತಾನೇ ಹೋಗಿ ಚಾಪೆ ಎಳೆದು ತರುತ್ತಾನೆ.

ಕೊಂಡಿಗಳ ನಡುವೆ ತಟ್ಟೆಗಳು. ಮಕ್ಕಳ ಎತ್ತರಕ್ಕೆ ಒಂದು ಕಟ್ಟೆ, ಅದರ ಮೇಲೆ ಐದಾರು ಸ್ಟೀಲ್ ತಟ್ಟೆ, ಒಂದೊಂದರಲ್ಲಿ ಒಂದೊಂದು ಕೆಲಸ. ಮಗು ತನಗೆ ಬೇಕಾದ್ದನ್ನು ತೆಗೆದುಕೊಂಡು ಚಾಪೆ ಮೇಲೆ ಕೂರುತ್ತದೆ, ಮುಗಿದ ಮೇಲೆ ಅಲ್ಲೇ ತಂದಿಡುತ್ತದೆ. ಇದರ ಬೇರು ಮಾಂಟೆಸ್ಸರಿ ಶಿಕ್ಷಣ ಪದ್ಧತಿಯಲ್ಲಿದೆ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ "ಮಕ್ಕಳ ಮನೆ" ಶಾಲೆ ತೆರೆದರು, 1939ರಲ್ಲಿ ಮದ್ರಾಸಿಗೆ ಬಂದು ಇಲ್ಲಿನವರಿಗೂ ಕಲಿಸಿದರು. ಸುರಿಯುವುದು, ಒರೆಸುವುದು, ವಿಂಗಡಿಸುವುದು, ಇಂಥ ಮನೆಗೆಲಸಗಳೇ ಅವರ ಪದ್ಧತಿಯಲ್ಲಿ ಮೊದಲ ಪಾಠ. ಅದರ ಸಾಮಾನು ಕೊಳ್ಳಲು ಹೋದರೆ ಬೆಲೆ ಜಾಸ್ತಿ. ನಾನು ಅಡುಗೆಮನೆ, ದೇವರ ಮನೆ ಸಾಮಾನಿನಲ್ಲೇ ಮಾಡಿಕೊಂಡಿದ್ದೇನೆ. ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ, ಅಂದರೆ ಪೂಜೆಯ ಸಣ್ಣ ಚಮಚದಲ್ಲಿ, ನೀರು ಎತ್ತಿ ಲೋಟಕ್ಕೆ ಹಾಕುವುದು. ಬಟ್ಟೆ ಕ್ಲಿಪ್ಪನ್ನು ಬುಟ್ಟಿಯ ಅಂಚಿಗೆ ಸಿಕ್ಕಿಸುವುದು. ಚಪಾತಿ ಹಿಟ್ಟು. ಚನ್ನಪಟ್ಟಣದ ಅರಗಿನ ಬಣ್ಣದ ಉಂಗುರಗಳನ್ನು ಕಡ್ಡಿಗೆ ಪೋಣಿಸುವುದು.

ಚಳಿಗಾಲದಲ್ಲಿ ಅವರೆಕಾಯಿ ತಟ್ಟೆ ಬರುತ್ತದೆ. ಮಕ್ಕಳು ಇಷ್ಟು ಹೊತ್ತು ಕೂರುವ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ. ಸಣ್ಣದು ಕಾಯನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕುತ್ತದೆ, ಕೈಗೆ ಹತ್ತಿದ ಸೊಗಡನ್ನು ಮೂಸುತ್ತದೆ. ಮೂರು ವರ್ಷದವನು ಸಿಪ್ಪೆ ಬಿಡಿಸುತ್ತಾನೆ, ಹೆಬ್ಬೆರಳಿನ ಉಗುರು ಹಾಕಲು ಜಾಗ ಹುಡುಕುತ್ತಾ ನಾಲಿಗೆ ಹೊರಗೆ ಹಾಕಿಕೊಂಡಿರುತ್ತಾನೆ. ದೊಡ್ಡವಳಿಗೆ ರಾತ್ರಿ ನೆನೆಸಿಟ್ಟ ಕಾಳು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಂಗನೆ ಹಾರುತ್ತದೆ. "ಅಜ್ಜೀ, ನಂದು ಫ್ರಿಜ್ ಹತ್ರ ಹೋಯ್ತು!" ಮಧ್ಯಾಹ್ನ ಹಿತಕಿದ ಬೇಳೆ ಸಾರು. ತಾವೇ ಹಿತಕಿದ್ದು ಅಂತ ಗೊತ್ತಿದ್ದರೆ ತಟ್ಟೆಯಲ್ಲಿ ಅನ್ನ ಉಳಿಯುವುದಿಲ್ಲ. ಕಾಳಿನ ತಟ್ಟೆ ಮಾತ್ರ ಯಾವಾಗಲೂ ನನ್ನ ಮೊಣಕಾಲಿನ ಪಕ್ಕದಲ್ಲೇ ಇರಬೇಕು, ಸಣ್ಣದು ಎಚ್ಚರ ಇರುವಾಗ ಕಟ್ಟೆ ಮೇಲೆ ಇಡುವುದಿಲ್ಲ. ಹಸಿ ಕಾಳು ಬಾಯಿಗೂ ಹೋಗಬಾರದು, ಮೂಗಿಗೂ ಹೋಗಬಾರದು. ಟಾಯ್ಲೆಟ್ ಪೇಪರ್ ರೋಲಿನ ಕೊಳವೆಯಲ್ಲಿ ತೂರುವ ಯಾವ ವಸ್ತುವನ್ನೂ ಮೂರು ತುಂಬದವರ ಕೈಗೆ ಕೊಡಬೇಡಿ. ಅಳಗುಳಿಮಣೆ ಇಡುವವರಿಗೆ ಇನ್ನೊಂದು ಮಾತು: ಅಜ್ಜಿ ಕಾಲದ ಗುಲಗಂಜಿ (ಕಪ್ಪು ಚುಕ್ಕೆಯ ಸಣ್ಣ ಕೆಂಪು ಬೀಜ) ಡಬ್ಬದಲ್ಲಿದ್ದರೆ ಈಗಲೇ ಎತ್ತಿಡಿ. ಅದು ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಬರುತ್ತದೆ.

ಒಂದೇ ತಟ್ಟೆ ಮೂರು ವಯಸ್ಸಿಗೆ ಮೂರು ಕೆಲಸ ಕೊಡುತ್ತದೆ ಅನ್ನುವುದಕ್ಕೇ ನಾನು ಇದನ್ನು ಮೇಲೆ ಇಡುತ್ತೇನೆ. ಬೇಗ ಬಂದವನು ಬೇಗ ಶುರು ಮಾಡುತ್ತಾನೆ, ತಡವಾಗಿ ಬಂದವಳು ಏನನ್ನೂ ಕಳೆದುಕೊಳ್ಳುವುದಿಲ್ಲ. ತಯಾರಿಯೂ ಕಡಿಮೆ. ಭಾನುವಾರ ಸಂಜೆ ಎರಡು ಮೂರು ತಟ್ಟೆ ಬದಲಾಯಿಸಿದರೆ ವಾರಕ್ಕೆ ಸಾಕು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬಾರದು, ಮಕ್ಕಳಿಗೆ ಹಳೆಯದು ಬೇಕು. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೆ ಒಂದು ಪುಟ ಇಟ್ಟಿದ್ದೇನೆ. ಯಾವ ತಟ್ಟೆಯನ್ನು ಮತ್ತೆ ಮತ್ತೆ ತೆಗೆದಿತು, ಎಲ್ಲಿ ಸಿಟ್ಟು ಬಂತು, ಅಷ್ಟೇ ಬರೆಯುವುದು. ಮುಂದಿನ ವಾರದ ಯೋಜನೆ ಆ ಪುಟದಿಂದಲೇ ಬರುತ್ತದೆ.

ಕಷ್ಟಗಳೂ ಇವೆ. ಒಂದೇ ತಟ್ಟೆ ಇಬ್ಬರಿಗೆ ಬೇಕಾದಾಗ ಜಗಳ ಖಂಡಿತ. ನೀರಿನ ತಟ್ಟೆ 2024ರ ಬೇಸಿಗೆಯಲ್ಲಿ, ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ, ನಿಲ್ಲಿಸಲೇಬೇಕಾಯಿತು. ಈಗ ಒಂದು ಚೊಂಬಿನಷ್ಟೇ, ಅದೂ ಕೊನೆಗೆ ತುಳಸಿ ಗಿಡಕ್ಕೆ. ಸಹಾಯದವರಿಗೆ ಮಧ್ಯೆ ಕೈ ಹಾಕದೆ ನೋಡುತ್ತಾ ಕೂರುವುದನ್ನು ಕಲಿಸಲು ಸಮಯ ಹಿಡಿಯುತ್ತದೆ. ಮಗು ಚೆಲ್ಲಿದ ತಕ್ಷಣ ಒರೆಸಲು ಓಡುವುದು ನಮ್ಮೆಲ್ಲರ ಅಭ್ಯಾಸ ಅಲ್ವಾ? ಒರೆಸುವ ಬಟ್ಟೆಯನ್ನು ತಟ್ಟೆಯಲ್ಲೇ ಇಟ್ಟರೆ ಮಗುವೇ ಒರೆಸುತ್ತದೆ. ಮನೆಗೆ ಒಯ್ಯಲು ಕಾಗದದ ಬಾತುಕೋಳಿ ಇಲ್ಲದ್ದರಿಂದ "ಇವತ್ತು ಏನೂ ಮಾಡಿಸಲಿಲ್ವಾ ಆಂಟಿ?" ಅನ್ನುವ ಅಪ್ಪ ಅಮ್ಮಂದಿರೂ ಇದ್ದಾರೆ. ಅವರಿಗೆ ನೋಟ್‌ಬುಕ್ಕಿನ ಒಂದು ಸಾಲನ್ನೇ ಸಂಜೆ ಕಳಿಸುತ್ತೇನೆ. "ಇವತ್ತು ಕ್ಲಿಪ್ ಒತ್ತಲು ಬಂತು, ಬಲಗೈಯಲ್ಲಿ." ಫೋಟೋಗಿಂತ ಆ ಸಾಲಿಗೆ ಅವರಿಗೆ ಜಾಸ್ತಿ ಖುಷಿ.

ಈಗ ಶುರು ಮಾಡುವವರಿಗೆ ನಾನು ಹೇಳುವುದು ಹೀಗೆ. ಊಟ, ನಿದ್ದೆ, ಔಷಧಿ ಗಂಟೆ ಪ್ರಕಾರ ಬರೆದು ಗೋಡೆಗೆ ಅಂಟಿಸಿ. ಉಳಿದ ಹೊತ್ತನ್ನು ತಟ್ಟೆಗೆ ಬಿಡಿ, ಮೂರೇ ತಟ್ಟೆಯಿಂದ ಶುರು ಮಾಡಿ. ವಾರದ ವಿಷಯವನ್ನು ಪರಿಷೆ, ಸಂಕ್ರಾಂತಿ, ಮೊದಲ ಮಳೆ, ಹೀಗೆ ಬೀದಿಯಲ್ಲಿ ಏನಾದರೂ ನಡೆಯುವಾಗ ಮಾತ್ರ ಇಟ್ಟುಕೊಳ್ಳಿ. ನಿಮ್ಮ ಹತ್ತಿರ ಇರುವವರೆಲ್ಲ ಮೂರು ದಾಟಿದವರೇ ಆದರೆ ವಿಷಯವನ್ನು ತಿಂಗಳಿಗೆ ಎರಡು ವಾರ ಮಾಡಬಹುದು. ಎಲ್ಲರೂ ಮೂರರ ಒಳಗಿನವರಾದರೆ ವಿಷಯದ ಕಡೆ ಹೋಗಲೇಬೇಡಿ. ಅದೇ ಸಚಿವಾಲಯ 2024ರಲ್ಲೇ ಹುಟ್ಟಿನಿಂದ ಮೂರು ವರ್ಷದವರಿಗೆ "ನವಚೇತನಾ" ಎಂಬ ಇನ್ನೊಂದು ಕೈಪಿಡಿ ತಂದಿದೆ. ವಯಸ್ಸಿಗೆ ತಕ್ಕ ಆಟಗಳು ಅದರಲ್ಲಿವೆ, ಅದನ್ನು ತೆಗೆದುಕೊಳ್ಳಿ.